ಸೇವೆಯ ಸರ್ಟಿಫಿಕೇಟು

ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕು, ಹಳ್ಳಿಯಲ್ಲಿ 7 ದಿನದ ಶಿಬಿರ ಮುಗಿಸಬೇಕು. ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಸರ್ಟಿಫಿಕೇಟು ಮಾತ್ರ ನನಗೆ.

ಮಾಗಡಿ ತಾಲ್ಲೂಕಿನ ಕೆಂಪಾಪುರ ಇಂಥ ಸೇವೆಗೆ ಹೇಳಿ ಮಾಡಿಸಿದ ಊರು. 2015ರಲ್ಲಿ ಬೆಳಕಿಗೆ ಬಂದ ಕೆಂಪೇಗೌಡರ ಸಮಾಧಿ ಅಲ್ಲಿದೆ. ಫೋಟೋಗೆ ಹಿನ್ನೆಲೆ ಹುಡುಕಬೇಕಿಲ್ಲ. ಅಲ್ಲಿ ನಡೆಯಬಹುದಾದ ಮಾತುಕತೆ ಸ್ಥೂಲವಾಗಿ ಹೀಗಿರುತ್ತದೆ:

“ತಾತ, ಈ ಪೊರಕೆ ಹಿಡ್ಕೊಂಡು ಪಕ್ಕದಲ್ಲಿ ನಿಂತ್ಕೊಳ್ಳಿ, ಸೆಲ್ಫಿಗೆ.”

“ಗುಡ್ಸೋದು ಯಾವಾಗಪ್ಪ?”

“ಆಯ್ತಲ್ಲ ತಾತ! ‘ನಾಯಕತ್ವ, ತಂಡ ನಿರ್ವಹಣೆ’ ಅಂತ ಬಯೋಡೇಟಾದಲ್ಲಿ ಬರ್ಕೊಂಡೂ ಆಯ್ತು.”

“ತಂಡದಾಗೆ ಯಾರವ್ರೆ?”

“ನೀವೇ.”

“ಹಂಗಾದ್ರೆ ನಂಗೂ ಒಂದು ಸರ್ಟಿಪಿಕೇಟ್ ಕೊಡ್ಸು. ಹುಟ್ಟಿದಾಗಿಂದ ಇದೇ ಬೀದಿ ಗುಡುಸ್ತಾ ಇವ್ನಿ.”

“ಅನುಭವ ಇರೋರಿಗೆ ಕೊಡಲ್ಲ ತಾತ, ಇಲ್ಲದೋರಿಗೆ ಕೊಡೋದು.”

ಶಿಬಿರದಲ್ಲಿ ನಿಜವಾಗಿ ಕೆಲಸ ಕಲಿಯುವವರು ಒಲೆಯ ಮುಂದಿರುತ್ತಾರೆ. ಐವತ್ತು ಜನಕ್ಕೆ ಗಂಟಿಲ್ಲದಂತೆ ಮುದ್ದೆ ತಿರುವುವುದು, ಅಂಗಡಿಯವನಲ್ಲಿ ಸಾಲ ಹೇಳಿ ಬೇಳೆ ತರುವುದು, ಪಂಚಾಯ್ತಿಯವರನ್ನು ಕಾಡಿ ನೀರಿನ ಟ್ಯಾಂಕರ್ ತರಿಸುವುದು: ಯಾವ ಮ್ಯಾನೇಜರಿಗೂ ಬೇಕಾದ ವಿದ್ಯೆ ಇದೇ. ಬಯೋಡೇಟಾ ಬರೆಯುವಾಗ ಅವರೂ ಇದನ್ನೆಲ್ಲ ಬಿಟ್ಟು ‘ಸ್ವಚ್ಛತಾ ಅಭಿಯಾನದಲ್ಲಿ ಭಾಗವಹಿಸಿದ್ದೇನೆ’ ಎಂದಷ್ಟೇ ಬರೆಯುತ್ತಾರೆ.