ಯಾರ ಮನಿಗೆ ಹೊಂಟೀರಿ?

ನಮ್ಮ ಅಣ್ಣನ ಮಗ ಹಂಗೇರಿ ದೇಶದ ಎಗೆರ್ ಎಂಬ ಊರು ನೋಡಿಬಂದ. ಬಂದವನ ಬಾಯಲ್ಲಿ ಒಂದೇ ಮಾತು: “ಕಾಕಾ, ಅಲ್ಲಿ ಗೈಡ್ ಬೇಕಾಗಿಲ್ಲ. ಕೈಯಾಗ ಒಂದು ನಕಾಶೆ ಇದ್ರ ಆತು, ಹಳೇ ಊರೆಲ್ಲ ನಮ್ಮಷ್ಟಕ್ಕ ನಾವ ಅಡ್ಡಾಡಬಹುದು. ಯಾರೂ ಮಾತಾಡಸೂದಿಲ್ಲ!” 1552ರಲ್ಲಿ ತುರ್ಕರನ್ನು ಹಿಮ್ಮೆಟ್ಟಿಸಿದ ಕೋಟೆ, ಮುಂದೆ ಅದೇ ತುರ್ಕರು ಗೆದ್ದು ಬಂದು ಕಟ್ಟಿದ 40 ಮೀಟರ್ ಎತ್ತರದ ಮಿನಾರು, ಅದರ 97 ಮೆಟ್ಟಿಲು, ಎಲ್ಲವನ್ನೂ ಒಬ್ಬನೇ ನೋಡಿದನಂತೆ. ಯಾರೂ ಮಾತಾಡಿಸದ್ದು ಅವನಿಗೆ ಸುಖವಾಗಿತ್ತೋ ಸಂಕಟವಾಗಿತ್ತೋ, ಮುಖ ನೋಡಿದರೆ ತಿಳಿಯಲಿಲ್ಲ.

ಕೋಟೆ, ಮುತ್ತಿಗೆ, ಗುಡ್ಡ, ಮೆಟ್ಟಿಲು ಇಷ್ಟೇ ಆದರೆ ಕೊಪ್ಪಳಕ್ಕೇನು ಕೊರತೆ? ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಟ್ಟು ಕರೆದ ಕೊಪಣ ನಗರವಿದು. ಹಾಳೆಯೊಂದರ ಮೇಲೆ ನಕಾಶೆ ಬರೆದುಕೊಂಡೆ: ಬಸ್ ಸ್ಟ್ಯಾಂಡು, ಅಶೋಕ ಸರ್ಕಲ್, ಜವಾಹರ ರಸ್ತೆ, ಗಡಿಯಾರ ಕಂಬ, ಕೋಟೆ, ಗವಿಮಠ, ಪಾಲ್ಕಿಗುಂಡು. ಯಾರನ್ನೂ ಏನೂ ಕೇಳುವುದಿಲ್ಲ ಎಂಬ ವ್ರತವನ್ನೂ ತೊಟ್ಟೆ.

ಕೇಳದಿರುವುದು ನನ್ನ ಕೈಯಲ್ಲಿತ್ತು, ಹೇಳದಿರುವುದು ಊರಿನ ಕೈಯಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹಾಳೆ ಬಿಚ್ಚುವುದೇ ತಡ, “ಕುಷ್ಟಗಿ ಬಸ್ಸು ಆ ಕಡೆ ನಿಂದರ್ತೈತ್ರಿ” ಎಂದ ಒಬ್ಬ. ಕುಷ್ಟಗಿಗಲ್ಲ ಎಂದೆ. “ಹಂಗಾರ ಯಲಬುರ್ಗಾ?” ಅದೂ ಅಲ್ಲ. “ಗಂಗಾವತಿದು ಈಗ ಹೋತಲ್ರೀ!” ಎಂದು ನನ್ನ ಪರವಾಗಿ ಅವನೇ ಮರುಗಿದ. ಎಲ್ಲಿಗೂ ಇಲ್ಲ, ಸುಮ್ಮನೆ ಅಡ್ಡಾಡಲು ಬಂದಿದ್ದೇನೆ ಎಂದಾಗ ಅವನ ಮರುಕ ಇಮ್ಮಡಿಯಾಯಿತು.

ನಮ್ಮ ಕಡೆ ನಡೆಯುವುದಕ್ಕೆ ಒಂದು ಕಾರಣ ಬೇಕು. ಮದುವೆ ಕಾರ್ಡು ಹಂಚುವುದು, ಸಾಲ ವಸೂಲಿ, ಹೆಣ್ಣು ನೋಡುವುದು, ಕೊನೆಗೆ ಡಾಕ್ಟರು ಹೇಳಿದ ಶುಗರ್ ಆದರೂ ಆದೀತು. ಶುಗರಿನವರು ಬೆಳಗಿನ ಜಾವ ನಡೆಯುತ್ತಾರೆ, ಅದೂ ಬೀಸಿ ಬೀಸಿ. ಹಾಡಹಗಲು, ಹಾಳೆ ಹಿಡಿದು, ಹಳೇ ಮನೆಗಳ ಬಾಗಿಲು ಚೌಕಟ್ಟು ನೋಡುತ್ತ ನಿಲ್ಲುವ ಮನುಷ್ಯ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಜವಾಹರ ರಸ್ತೆಯಲ್ಲಿ ನಾನು ಮಾಳಿಗೆಯೊಂದರ ಕಟ್ಟಿಗೆ ಕೆತ್ತನೆ ನೋಡುತ್ತಿದ್ದರೆ ಕೆಳಗಿನ ಅಂಗಡಿಯವರು ಗಲ್ಲೆಯಿಂದ ಎದ್ದು ಬಂದರು. ನನ್ನ ಮುಖ, ಕೈಯಲ್ಲಿನ ಹಾಳೆ, ಮತ್ತೆ ಮುಖ.

“ರೋಡ್ ಅಗಲ ಮಾಡೂದು ಖಾತ್ರಿ ಆತೇನ್ರಿ?”

ನಾನು ಆ ಇಲಾಖೆಯವನಲ್ಲ ಎಂದೆ. ಯಾವ ಇಲಾಖೆಯವರು ತಾನೇ ಮೊದಲೇ ಒಪ್ಪಿಕೊಳ್ಳುತ್ತಾರೆ? ಸಾಹೇಬರಿಗೆ ಕುರ್ಚಿ ಬಂತು, ಚಹಾ ಬಂತು, ಹಿಂದೆಯೇ ಒಂದು ಪ್ಲೇಟು ವಗ್ಗಾಣಿ, ಮಿರ್ಚಿ. “ತಿನ್ರಿ ಮೊದಲ. ಆಮ್ಯಾಲ ನಮ್ದು ಎಷ್ಟು ಫೂಟ್ ಹೊಕ್ಕೈತಿ ಅಷ್ಟು ಹೇಳಿಬಿಡ್ರಿ.” ನಕಾಶೆಯನ್ನು ಅವರ ಮುಂದೆಯೇ ಹಿಡಿದೆ. ಅದರಲ್ಲಿ ಕೋಟೆಗೆ ಹೋಗಲು ನಾನೆಳೆದಿದ್ದ ಗೆರೆ ಸರಿಯಾಗಿ ಅವರ ಅಂಗಡಿಯ ಮೇಲೆಯೇ ಹಾದುಹೋಗಿತ್ತು. ಪಕ್ಕದ ಅಂಗಡಿಯವರೂ ಬಂದು ಬಗ್ಗಿ ನೋಡಿ, ತಮ್ಮದು ಉಳಿಯಿತೆಂದು ನಿಟ್ಟುಸಿರು ಬಿಟ್ಟರು. ಮಿರ್ಚಿ ಮಾತ್ರ ಚೆನ್ನಾಗಿತ್ತು. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹದಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿಯುವ ಊರಿನಲ್ಲಿ ಒಂದೊಂದು ಪ್ಲೇಟಿಗೂ ಆ ಕೈಗುಣ ಇಳಿದಿರುತ್ತದೆ.

ಅಂಗಡಿಯವರ ಭಯ ಕಳೆದಮೇಲೆ ಶುರುವಾದದ್ದು ಪ್ರೀತಿ. ಅದು ಭಯಕ್ಕಿಂತ ಕಷ್ಟ. “ಯಾರ ಮನಿಗೂ ಅಲ್ಲ, ಬರೇ ಊರು ನೋಡಾಕ ಬಂದೀರಿ? ಕಾಲಿಗೆ ಯಾಕ ತ್ರಾಸ? ಗಾಡಿ ಐತಿ, ಹತ್ರಿ” ಎಂದರು. ಅಂಗಡಿಯನ್ನು ಮಗನಿಗೆ ಬಿಟ್ಟು ಬೈಕ್ ತೆಗೆದೇಬಿಟ್ಟರು. ಅಲ್ಲಿಗೆ ನನ್ನ ಪ್ರವಾಸದಲ್ಲಿ ಸ್ವಂತದ್ದೂ ಹೋಯಿತು, ನಡಿಗೆಯೂ ಹೋಯಿತು.

ಕೋಟೆಯನ್ನು 1786ರಲ್ಲಿ ಟಿಪ್ಪು ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. “ಗ್ವಾಡಿ ಅಲ್ಲಿ ಬ್ಯಾಡ್ರಿ, ಇಲ್ಲಿ ಎಬ್ಬಸ್ರಿ” ಎಂದು ಅವರಿಗೂ ದಾರಿಹೋಕನೊಬ್ಬ ಹೇಳಿಯೇ ಇರುತ್ತಾನೆ. ಆ ಸಲಹೆ ಸರಿಯಾಗಿಯೇ ಇದ್ದಿರಬೇಕು, 1790ರಲ್ಲಿ ಇಂಗ್ಲಿಷರೂ ನಿಜಾಮರೂ ಕೂಡಿ ಮುತ್ತಿದರೂ ಕೋಟೆ ತಿಂಗಳುಗಟ್ಟಲೆ ಬಗ್ಗಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯ ಕಂಪನಿ ಸರ್ಕಾರದ ವಿರುದ್ಧ ಕೊನೆಯ ಕಾದಾಟ ಮಾಡಿ ಮಡಿದದ್ದೂ ಇಲ್ಲಿಯೇ. ಇದನ್ನು ಹೇಳುವಾಗ ನಮ್ಮ ಸಾರಥಿ ಬೈಕಿನ ಎಂಜಿನ್ ಆಫ್ ಮಾಡಿದರು, ದನಿಯನ್ನೂ ತಗ್ಗಿಸಿದರು.

ಗವಿಮಠದ ಗುಡ್ಡದ ಅಶೋಕನ ಶಾಸನ, ಪಾಲ್ಕಿಗುಂಡಿನದು, ಎರಡೂ 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಹುದು ಎಂಬುದು ಅದರ ತಾತ್ಪರ್ಯ ಎಂದೆ. “ಹಂಗಾರ ನಮ್ಮ ಹುಡುಗ ಪಿಎಸ್‌ಐ ಪಾಸಾಗ್ತಾನ ಅನ್ರಿ” ಎಂದು ಅವರು ಬಂಡೆಗೆ ಕೈಮುಗಿದರು. ಇದೇ ಶಾಸನದ ಬ್ರಹ್ಮಗಿರಿ ಪಾಠದಲ್ಲಿ 256 ಎಂಬ ಅಂಕಿ ಇದೆ. ಚಕ್ರವರ್ತಿ ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವದು ಎನ್ನುತ್ತಾರೆ ವಿದ್ವಾಂಸರು. ಅಷ್ಟು ರಾತ್ರಿ ಊರೂರು ತಿರುಗಿದವನನ್ನು ಯಾರೂ “ಯಾರ ಮನಿಗೆ ಹೊಂಟೀರಿ” ಎಂದು ಕೇಳಲಿಲ್ಲವೆಂದರೆ ನಾನು ನಂಬಲಾರೆ. ಅವನು ಕಲ್ಲಿನಲ್ಲಿ ಕೆತ್ತಿಸಿಟ್ಟದ್ದು ಪ್ರತಿ ಊರಿನಲ್ಲೂ ಬಾಯಲ್ಲಿ ಹೇಳಿ ಸಾಕಾಗಿಯೇ ಇರಬೇಕು.

ಪಾಲ್ಕಿಗುಂಡಿನ ಬುಡದಲ್ಲಿ ಬೈಕ್ ಸೋತಿತು. ಅಲ್ಲಿ ‘ವರಾಂಗಚರಿತ’ ಬರೆದ ಜಟಾಸಿಂಹನಂದಿಯ ಪಾದಗಳಿವೆ. ಬಂಡೆಯಲ್ಲಿ ಕೆತ್ತಿಸಿದವನು ಚಾವಯ್ಯನೆಂದು ಪಕ್ಕದ ಹಳಗನ್ನಡ ಶಾಸನ ಹೇಳುತ್ತದೆ. “ಮೊಣಕಾಲು ನೋಯ್ತೈತ್ರಿ. ನೀವು ಹೋಗಿ ಬರ್ರಿ, ನಾ ಇಲ್ಲೇ ಗಾಡಿ ಕಾಯ್ತೀನಿ” ಎಂದರು ಸಾರಥಿ.

ಅಂತೂ ಒಬ್ಬನೇ ಆದೆ. ಹಾಳೆ ಬಿಚ್ಚಿಕೊಂಡು, ಗುಂಡುಗಳ ಸಂದಿಯಲ್ಲಿ ನುಸುಳುತ್ತ, ಯಾರ ಮಾತೂ ಕಿವಿಗೆ ಬೀಳದೆ ಏರಿದೆ. ಅರ್ಧ ದಾರಿಯಲ್ಲಿ ಫೋನ್ ಬಡಿದುಕೊಂಡಿತು. ಚಹಾ ಕುಡಿಯುವಾಗ ಕೊಟ್ಟಿದ್ದ ನಂಬರು.

“ಸರ್ರ, ಪಾದ ಸಿಕ್ವೇನ್ರಿ?”

“ಇನ್ನೂ ಇಲ್ರಿ, ಹುಡಕ್ತೀನಿ.”

“ಹುಡಕಬ್ಯಾಡ್ರಿ, ಅಲ್ಲೇ ಕುಂದರ್ರಿ. ನಮ್ಮ ಅಳಿಯಗ ಫೋನ್ ಹಚ್ಚೀನಿ, ಬರಾಕತ್ತಾನ.”