ಕವಚ, ಕುಂಡಲ ಮತ್ತು ಇಎಂಐ

ಬೆಂಗಳೂರಿನಲ್ಲಿ ಈಚೆಗೆ ಹೊಸ ತಳಿಯ ಮನುಷ್ಯರು ಕಾಣಸಿಗುತ್ತಿದ್ದಾರೆ. ಪ್ರಳಯ ಇವತ್ತು ಸಂಜೆ ನಾಲ್ಕಕ್ಕೆ ಬಂದರೂ ಅವರು ತಯಾರು. ನಾಲ್ಕಕ್ಕೆ ಮೀಟಿಂಗ್ ಇದ್ದರೆ ಮಾತ್ರ ಪ್ರಳಯ ನಾಲ್ಕೂವರೆಗೆ ಬಂದರೆ ಅನುಕೂಲ. ಬೆಲ್ಟಿಗೆ ಮಲ್ಟಿಟೂಲ್, ಜೇಬಿಗೆ ಟೈಟಾನಿಯಂ ಪೆನ್ನು, ಮಣಿಕಟ್ಟಿಗೆ ಪ್ಯಾರಾಕಾರ್ಡ್ ಬಳೆ, ಬೆನ್ನಿಗೆ ಸಾವಿರ ಡೀನಿಯರ್ ನೈಲಾನಿನ ಬ್ಯಾಗು. ಈ ಸಂಸಾರಕ್ಕೆಲ್ಲ ಸೇರಿ ‘ಎವ್ರಿಡೇ ಕ್ಯಾರಿ’ ಎಂದು ಹೆಸರು. ಭಕ್ತರು ಚಿಕ್ಕದಾಗಿ ಇಡಿಸಿ ಎನ್ನುತ್ತಾರೆ. ಕರ್ಣನಿಗೆ ಕವಚ ಕುಂಡಲಗಳು ಹುಟ್ಟುತ್ತಲೇ ಬಂದಿದ್ದವು. ನಮ್ಮ ಸನ್ನದ್ಧ ಪುರುಷನಿಗೆ ನೋ ಕಾಸ್ಟ್ ಇಎಂಐನಲ್ಲಿ ಬಂದಿವೆ. ಇಂದ್ರನೇ ಬಂದು ಬೇಡಿದರೂ ಕಂತು ತೀರುವ ತನಕ ಕಾಯಬೇಕು.

ಪೆನ್ನನ್ನೇ ನೋಡಿ. ಒತ್ತಡದಲ್ಲಿ ಶಾಯಿ ತುಂಬಿದ ಈ ಜಾತಿಯ ಫಿಷರ್ ಪೆನ್ನನ್ನು 1968ರಲ್ಲಿ ಅಪೊಲೊ 7ರ ಗಗನಯಾತ್ರಿಗಳು ಕೊಂಡೊಯ್ದಿದ್ದರು. ತಲೆಕೆಳಗಾಗಿ ಹಿಡಿದರೂ ಬರೆಯುತ್ತದೆ, ನೀರಿನೊಳಗೂ ಬರೆಯುತ್ತದೆ, ಸೊನ್ನೆಗಿಂತ 34 ಡಿಗ್ರಿ ಕೆಳಗೂ ಬರೆಯುತ್ತದೆಂದು ಕಂಪನಿ ಹೇಳುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನೂರೈವತ್ತು ವರ್ಷವಾಗುತ್ತ ಬಂತು, ಚಳಿ ಇನ್ನೂ ಅಷ್ಟಕ್ಕಿಳಿದಿಲ್ಲ. ಆದರೂ ಎಚ್ಚರಿಕೆ ಒಳ್ಳೆಯದು. ಅಂದಹಾಗೆ, ಬ್ಯಾಂಕಿನಲ್ಲಿ ಚಲನ್ ತುಂಬಲು ಅಜ್ಜಿಯೊಬ್ಬರು ‘ಪೆನ್ ಇದ್ಯೇನಪ್ಪಾ?’ ಎಂದು ಕೇಳಿದರೆ ಈತ ಕೌಂಟರಿಗೆ ದಾರದಿಂದ ಕಟ್ಟಿಹಾಕಿದ ಪೆನ್ನನ್ನು ತೋರಿಸುತ್ತಾನೆ.

ಅದೇ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬಲ್ಲಿ ಕಾರ್ಲ್ ಎಲ್ಸೆನರ್ ಎಂಬಾತ ಚಾಕು ಮಾಡಲು ಕೂತ. ಆತನ ವಂಶದ ಕೆಂಪು ಚಾಕು ಈಗ ನಮ್ಮ ಪುರುಷನ ಜೇಬಿನಲ್ಲಿದೆ. ಅದರಲ್ಲಿ ಮೀನಿನ ಹುರುಪೆ ಕೆರೆಯುವ ಅಲಗಿದೆ. ಪುರುಷ ಶುದ್ಧ ಸಸ್ಯಾಹಾರಿ. ವೈನ್ ಬಾಟಲಿಯ ಬಿರಡೆ ತೆಗೆಯುವ ತಿರುಪಿದೆ. ಶನಿವಾರ ಒಂದಿಷ್ಟು ಉಪಯೋಗವಿರಬಹುದು. ವಿಮಾನ ಹತ್ತುವಾಗ ಚಾಕುವನ್ನು ಕೈಚೀಲದಲ್ಲಿ ಬಿಡುವುದಿಲ್ಲ, ಅದು ವಿಮಾನದ ಹೊಟ್ಟೆಗೆ ಹೋಗಬೇಕು. ಪವರ್ ಬ್ಯಾಂಕನ್ನು ಹೊಟ್ಟೆಗೆ ಹಾಕಲು ಬಿಡುವುದಿಲ್ಲ, ಅದು ಕೈಯಲ್ಲೇ ಇರಬೇಕು. ಹೀಗಾಗಿ ಯಾವ ಆಪತ್ತಿಗೂ ಜಗ್ಗದ ಈ ಕಿಟ್ಟು ಆಕಾಶದಲ್ಲಿ ಎರಡು ಹೋಳಾಗಿ ಹಾರುತ್ತದೆ. ಮೆಟ್ರೊ ಸ್ಟೇಷನ್ನಿನಲ್ಲಿ ಬ್ಯಾಗು ಸ್ಕ್ಯಾನರಿನೊಳಗೆ ಹೋದಾಗ ಇನ್ನೊಂದು ಕಥೆ. ಪರದೆ ನೋಡುತ್ತಿದ್ದ ಹೆಣ್ಣುಮಗಳು, ‘ಸಾರ್, ಇದೇನು ಇಷ್ಟೊಂದು ಕಬ್ಬಿಣ? ವೆಲ್ಡಿಂಗ್ ಕೆಲ್ಸಾನಾ?’ ಎನ್ನುತ್ತಾಳೆ. ಪ್ರಾಡಕ್ಟ್ ಮ್ಯಾನೇಜರ್ ಎಂಬ ಹುದ್ದೆಗೆ ಇದಕ್ಕಿಂತ ದೊಡ್ಡ ಗೌರವ ಈ ಊರಿನಲ್ಲಿ ಸಿಕ್ಕಿರಲಾರದು.

ಬಾಳಿಕೆಯ ವಿಚಾರಕ್ಕೆ ಬಂದರೆ ಪುರುಷ ಮಿಲಿಟರಿ ದರ್ಜೆಗಿಂತ ಕೆಳಗಿಳಿಯುವವನಲ್ಲ. ಫೋನಿನ ಕವಚದ ಡಬ್ಬಿಯ ಮೇಲೆ ‘ಮಿಲ್-ಎಸ್‌ಟಿಡಿ-810’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಅಮೆರಿಕದ ರಕ್ಷಣಾ ಇಲಾಖೆ ಬರೆದಿಟ್ಟ ಪರೀಕ್ಷಾ ವಿಧಾನಗಳ ಕಟ್ಟು. ಅದರಲ್ಲಿ ಯಾವ ಪರೀಕ್ಷೆ ಬೇಕೋ ಅದನ್ನು ಕಂಪನಿಯೇ ಆರಿಸಿ, ತಾನೇ ಮಾಡಿ, ತಾನೇ ಪಾಸಾಗಬಹುದು. ಸೇನೆಯಿಂದ ಯಾರೂ ಬಂದು ಸರ್ಟಿಫಿಕೇಟು ಕೊಡುವುದಿಲ್ಲ. ಸ್ವಂತ ಮಕ್ಕಳ ಪೇಪರನ್ನು ಅಪ್ಪ ಅಮ್ಮನೇ ತಿದ್ದುವ ಪದ್ಧತಿ ಇದು. ಇನ್ನು ಐಪಿ67 ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಮೂವತ್ತು ನಿಮಿಷ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನುಗ್ಗಿದ ನೀರು ಈ ನಿಯಮವನ್ನು ಓದಿಕೊಂಡಿರಲಿಲ್ಲ. ಅದು ಸಿಹಿನೀರೂ ಆಗಿರಲಿಲ್ಲ, ಮೂವತ್ತು ನಿಮಿಷಕ್ಕೆ ಇಳಿಯಲೂ ಇಲ್ಲ.

ಆ ಸೆಪ್ಟೆಂಬರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಅಂಗಳದಲ್ಲಿ ಜರ್ಮನ್ ಕಾರುಗಳು ಕಿಟಕಿಮಟ್ಟ ಮುಳುಗಿದ್ದವು. ಅದೇ ಹೊತ್ತಿಗೆ ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯ ಪಂಪ್‌ಹೌಸಿಗೂ ನೀರು ನುಗ್ಗಿ ಕಾವೇರಿ ಪೂರೈಕೆ ನಿಂತಿತು. ಎದೆಮಟ್ಟದ ನೀರಿನಲ್ಲಿ ನಿಂತವರು ಕುಡಿಯುವ ನೀರಿಗೆ ಪರದಾಡಿದರು. ಟೆಕ್ಕಿಗಳನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರ್ಯಾಕ್ಟರು. ಹೌದು, ಆಫೀಸಿಗೆ! ಮನೆ ಮುಳುಗಿದವನು ಟ್ರೇಲರಿನಲ್ಲಿ ನಿಂತು, ಲ್ಯಾಪ್‌ಟಾಪ್ ತಲೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಹೋದ. ಗದ್ದೆಯನ್ನು ಲೇಔಟ್ ಮಾಡಿದವರ ಮಕ್ಕಳನ್ನು, ಗದ್ದೆ ಉಳುತ್ತಿದ್ದ ಗಾಡಿ ಗದ್ದೆಯಾಗಿ ಮರಳಿದ ಲೇಔಟಿನಿಂದ ದಾಟಿಸಿತು. ‘ಬೆಂಗಳೂರಿಗೆ ಅತ್ಯುತ್ತಮ ಇಡಿಸಿ’ ಪಟ್ಟಿಗಳಲ್ಲಿ ಟ್ರ್ಯಾಕ್ಟರನ್ನು ಯಾರೂ ಸೇರಿಸಿದಂತಿಲ್ಲ. ಬೆಲ್ಟಿಗೆ ಸಿಕ್ಕಿಸಲು ಬರುವುದಿಲ್ಲವಲ್ಲ.

ಮರುವರ್ಷ, ಮೇ 21ರಂದು, ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬಳು ಸತ್ತಳು. ವಿಧಾನಸೌಧದಿಂದ ನಡೆದು ಹೋಗುವಷ್ಟು ಹತ್ತಿರ. ನಗರದ ನಟ್ಟನಡುವೆ ಒಂದು ಮಳೆಗೆ ರಸ್ತೆ ಬಾವಿಯಾಗುವುದು ಹೇಗೆ ಎಂದು ಕೇಳಬೇಕಾದ ಕಡೆ, ಗಾಜು ಒಡೆಯಲು ಯಾವ ಸುತ್ತಿಗೆ ಒಳ್ಳೆಯದು ಎಂದು ಕೇಳಿಕೊಂಡೆವು. ಸನ್ನದ್ಧ ಪುರುಷ ಒಂದನ್ನು ತರಿಸಿಯೂಬಿಟ್ಟ. ಟಂಗ್‌ಸ್ಟನ್ ಮೊನೆ, ಸೀಟ್‌ಬೆಲ್ಟ್ ಕತ್ತರಿಸುವ ಅಲಗು. ಈ ಮೊನೆ ಪುಡಿ ಮಾಡುವುದು ಹದಗೊಳಿಸಿದ ಗಾಜನ್ನು, ಎಂದರೆ ಹೆಚ್ಚಿನ ಕಾರುಗಳ ಪಕ್ಕದ ಕಿಟಕಿಗಳನ್ನು. ಮುಂದಿನ ವಿಂಡ್‌ಶೀಲ್ಡು ನಡುವೆ ಪ್ಲಾಸ್ಟಿಕ್ ಪದರವಿರುವ ಲ್ಯಾಮಿನೇಟೆಡ್ ಗಾಜು, ಅದು ಬಿರುಕು ಬಿಟ್ಟರೂ ದಾರಿ ಬಿಡುವುದಿಲ್ಲ. ಈಗೀಗ ಕೆಲವು ಕಾರುಗಳ ಪಕ್ಕದ ಕಿಟಕಿಗೂ ಅದೇ ಗಾಜು. ತನ್ನ ಕಾರಿನದು ಯಾವುದೆಂದು ಪುರುಷನಿಗೆ ಗೊತ್ತಿಲ್ಲ. ಸುತ್ತಿಗೆಯೇನೋ ಸುರಕ್ಷಿತವಾಗಿದೆ: ಗೀರು ಬೀಳಬಾರದೆಂದು ಡಬ್ಬಿ ಸಮೇತ ಡಿಕ್ಕಿಯಲ್ಲಿಟ್ಟಿದ್ದಾನೆ.

ಹಿಂದಿನವರು ಏನೂ ಹೊರದೆ ತಿರುಗುತ್ತಿದ್ದರೆಂದು ತಿಳಿಯಬೇಡಿ. ತಾತನ ಸೊಂಟದ ಉಡಿದಾರಕ್ಕೆ ಪೆಟ್ಟಿಗೆಯ ಬೀಗದಕೈ, ತಾಯಿತ, ಕಿವಿಗುಗ್ಗೆ ತೆಗೆಯುವ ಕಡ್ಡಿ ಎಲ್ಲವೂ ತೂಗುತ್ತಿದ್ದವು. ಪ್ಯಾರಾಕಾರ್ಡು 550 ಪೌಂಡು ತಡೆಯುತ್ತದಂತೆ, ಹತ್ತಿರಹತ್ತಿರ 250 ಕಿಲೋ. ಉಡಿದಾರಕ್ಕೆ ಅಷ್ಟು ಶಕ್ತಿಯಿಲ್ಲ ನಿಜ. ಪಂಚೆ ಜಾರುವಂಥ ನಿಜವಾದ ತುರ್ತಿನಲ್ಲಿ ಮಾತ್ರ ಅದು ಕೈಬಿಟ್ಟದ್ದಿಲ್ಲ. ಅಮ್ಮಂದಿರ ಬಳೆಗೋ ತಾಳಿಯ ಸರಕ್ಕೋ ಸಿಕ್ಕಿಸಿದ ಸೇಫ್ಟಿ ಪಿನ್ನುಗಳಂತೂ ಒಂದು ವರ್ಕ್‌ಶಾಪು. ಸೀರೆಯ ನೆರಿಗೆ, ಕಿತ್ತುಹೋದ ಚಪ್ಪಲಿಯ ಉಂಗುಷ್ಟ, ಮಗುವಿನ ಅಂಗಾಲಿನ ಮುಳ್ಳು, ತುಂಬಿದ ಬಸ್ಸಿನಲ್ಲಿ ಮೈಮೇಲೆ ವಾಲುವ ಸಜ್ಜನ, ಎಲ್ಲಕ್ಕೂ ಅದೇ ಮದ್ದು. ವಾಲ್ಟರ್ ಹಂಟ್ ಎಂಬ ಅಮೆರಿಕನ್ 1849ರಲ್ಲಿ ಅದರ ಪೇಟೆಂಟನ್ನು 400 ಡಾಲರಿಗೆ ಮಾರಿಬಿಟ್ಟ. ನಮ್ಮ ಪುರುಷನ ಕೈಗೆ ಸಿಕ್ಕಿದ್ದರೆ ಅದಕ್ಕೊಂದು ಟೈಟಾನಿಯಂ ಆವೃತ್ತಿ, ಅದಕ್ಕೊಂದು ಚರ್ಮದ ಒರೆ, ಒರೆಗೊಂದು ಕ್ಲಿಪ್ಪು ಬಂದಿರುತ್ತಿತ್ತು.

ಇಷ್ಟೆಲ್ಲ ಹೊತ್ತವನ ಹತ್ತಿರ ಏನಿಲ್ಲ ಗೊತ್ತೇ? ಐನೂರು ರೂಪಾಯಿ ನಗದಿಲ್ಲ. ನೆಟ್‌ವರ್ಕ್ ಹೋದ ದಿನ ಚಹಾದಂಗಡಿಯ ಮುಂದೆ ಈತ ದಿಕ್ಕಿಲ್ಲದವನು. ಹೆಂಡತಿಯ ಫೋನ್ ನಂಬರು ಬಾಯಿಗೆ ಬರುವುದಿಲ್ಲ. ಅಪ್ಪ ನುಂಗುವ ಬಿಪಿ ಮಾತ್ರೆಯ ಹೆಸರು ತಿಳಿಯದು. ಪೊಲೀಸು, ಬೆಂಕಿ, ಆಂಬುಲೆನ್ಸು ಎಲ್ಲಕ್ಕೂ 112 ಸಾಕೆಂಬುದನ್ನು ಕೇಳಿದ್ದಾನೆ. ಆದರೆ ಅದಕ್ಕೆ ಹಣ ತೆರಬೇಕಿಲ್ಲವಾದ್ದರಿಂದ ನಂಬಿಕೆ ಸಾಲದು. ಬ್ಯಾಗಿನಲ್ಲಿ ರಕ್ತ ತಡೆಯುವ ಟೂರ್ನಿಕೆಟ್ ಪಟ್ಟಿ ಇದೆ, ಕಟ್ಟಲು ಕಲಿಯುವ ತರಗತಿ ಭಾನುವಾರ ಬೆಳಗ್ಗೆ ಇದ್ದದ್ದರಿಂದ ಹೋಗಲಾಗಲಿಲ್ಲ. ಒಮ್ಮೆ ಲಿಫ್ಟಿನ ಬಟನ್ ಫಲಕ ಸಡಿಲವಾಗಿ ವಾಚ್‌ಮನ್, ‘ಸಾರ್, ಒಂದ್ ಸ್ಕ್ರೂಡ್ರೈವರ್ ಕೊಡಿ’ ಎಂದ. ‘ಇದು ಎಮರ್ಜೆನ್ಸಿಗೆ ಇಟ್ಕೊಂಡಿರೋದಪ್ಪ’ ಎಂದಿತು ಪುರುಷವಾಣಿ. ಅಂಗಡಿಯವರು ಬೇಡವೆಂದು ವಾಪಸು ಕೊಟ್ಟ ಹತ್ತು ರೂಪಾಯಿ ನಾಣ್ಯದಿಂದ ವಾಚ್‌ಮನ್ ತಿರುಪು ಬಿಗಿದು ಹೋದ.

ಮೊನ್ನೆ ಇಂಥ ಪುರುಷರೇ ತುಂಬಿರುವ ಒಂದು ಅಪಾರ್ಟ್‌ಮೆಂಟಿನ ಸಂಘದ ಸಭೆ. ಕಾರ್ಯಸೂಚಿಯಲ್ಲಿ ಎರಡೇ ವಿಷಯ. ಮೊದಲನೆಯದು, ಕಾಂಪೌಂಡಿನ ಕೆಳಗೆ ಹಾದುಹೋಗುವ ರಾಜಕಾಲುವೆ. ಪ್ರಧಾನ ಕಾಲುವೆಗೆ 50 ಮೀಟರ್ ಬಿಡಿ ಎಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ್ದನ್ನು ಒಬ್ಬರು ನೆನಪಿಸಿದರು. ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶವನ್ನು ರದ್ದು ಮಾಡಿದ್ದನ್ನು ಹತ್ತು ಜನ ಒಟ್ಟಿಗೆ ನೆನಪಿಸಿದರು. ವಿಷಯ ಮುಂದಕ್ಕೆ ಹೋಯಿತು. ಎರಡನೆಯದು, ಪ್ರತಿ ಬ್ಲಾಕಿಗೊಂದು ಗಾಳಿ ತುಂಬುವ ರಬ್ಬರ್ ದೋಣಿ, ಪ್ರತಿ ಫ್ಲಾಟಿಗೊಂದು ಟೈಟಾನಿಯಂ ಸೀಟಿ. ಸರ್ವಾನುಮತದ ಒಪ್ಪಿಗೆ. ದೋಣಿಗಳನ್ನು ಎಲ್ಲಿಡುವುದೆಂಬ ಬಗ್ಗೆ ಸ್ವಲ್ಪ ಜಗಳವಾಗಿ, ಕೊನೆಗೆ ವಿಸಿಟರ್ಸ್ ಪಾರ್ಕಿಂಗಿನಲ್ಲಿ ಎಂದು ತೀರ್ಮಾನವಾಯಿತು. ಕಾಲುವೆಯ ಮೇಲೆ ಚಪ್ಪಡಿ ಹಾಕಿ ಮಾಡಿರುವುದರಿಂದ ಅಲ್ಲಿ ಜಾಗ ವಿಶಾಲವಾಗಿದೆ.