ಗಗನಾನ್ನ ಮೀಮಾಂಸೆ ಅಥವಾ ಸಪ್ತಮರಸ ನಿರ್ಣಯ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂದು ಹಿರಿಯರು ಕಟ್ಟು ಮಾಡಿದ್ದಾರೆ. ವಿಷಯ: ಹಾರುವ ವಿಮಾನದಲ್ಲಿ ಕೊಡುವ ಅನ್ನಪಾನಾದಿಗಳು. ಪ್ರಯೋಜನ: ಯಾರಿಗೂ ಇಲ್ಲ, ಆದ್ದರಿಂದಲೇ ಇದು ಶುದ್ಧ ಶಾಸ್ತ್ರ. ಸಂಬಂಧ: ತಟ್ಟೆಗೂ ಹೊಟ್ಟೆಗೂ ಇರಬೇಕಾದದ್ದು, ಇಲ್ಲಿ ಕಾಣದ್ದು. ಇನ್ನು ಅಧಿಕಾರಿ ಯಾರು? ಇದರಲ್ಲಿ ಮತಭೇದವಿಲ್ಲ. ಕಟ್ಟಕಡೆಯ ಸಾಲಿನಲ್ಲಿ, ಶೌಚಾಲಯಕ್ಕೆ ಬೆನ್ನು ಕೊಟ್ಟು, ಮೂರು ಸೀಟುಗಳ ನಡುವಿನದರಲ್ಲಿ ಮೊಣಕೈ ಮುದುರಿ ಕೂತವನೇ ಅಧಿಕಾರಿ. ಗಾಡಿ ಅವನ ತನಕ ಉರುಳಿ ಬರುವಷ್ಟರಲ್ಲಿ ‘ವೆಜ್ಜೋ ನಾನ್‌ವೆಜ್ಜೋ’ ಎಂಬ ದ್ವೈತ ಅಳಿದು, ಉಳಿದದ್ದು ಒಂದೇ ಎಂಬ ಅದ್ವೈತ ತಾನಾಗಿಯೇ ಸಿದ್ಧಿಸಿರುತ್ತದೆ. ಪರದೆಯ ಆಚೆ ಪಿಂಗಾಣಿ ತಟ್ಟೆಯಲ್ಲಿ ಉಣ್ಣುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವರಿಗೊಂದು ಅಪವಾದವುಂಟು, ಮುಂದೆ ಬರುತ್ತದೆ.

ಪೂರ್ವಪಕ್ಷಕ್ಕೂ ಒಬ್ಬರು ಬೇಕಲ್ಲ. ನಮ್ಮ ಪೂರ್ವಪಕ್ಷಿಗಳು ನಿವೃತ್ತ ಬ್ಯಾಂಕ್ ಮ್ಯಾನೇಜರು, ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಂದವರು. ಅವರ ವಾದ ಇಷ್ಟು: “ವಿಮಾನದ ಊಟ ರುಚಿಯಾಗಿರೋದಿಲ್ಲ ಸ್ವಾಮಿ. ರುಚಿಯಿಲ್ಲದ್ದು ನೆನಪಲ್ಲೂ ಉಳಿಯೋದಿಲ್ಲ.” ಮೊದಲ ಮಾತು ಒಪ್ಪತಕ್ಕದ್ದು, ಎರಡನೆಯದು ತಪ್ಪು. ಸೋದರಮಾವನ ಮಗನ ಮದುವೆಯ ಊಟವನ್ನು ಸಂಪೂರ್ಣ ಮರೆತ ಇದೇ ಪೂರ್ವಪಕ್ಷಿಗಳು, ವಿಮಾನದಲ್ಲಿ ಸಿಕ್ಕ ತಣ್ಣನೆಯ ಬನ್ನನ್ನು ಅದರ ಪ್ಲಾಸ್ಟಿಕ್ ಕವಚದ ಸಮೇತ ವರ್ಣಿಸಬಲ್ಲರು. ಹಾಗಾದರೆ ರುಚಿಯ ಹೊರತಾದ ಯಾವುದೋ ಒಂದು ರಸ ಅಲ್ಲಿ ಕೆಲಸ ಮಾಡಿರಬೇಕು. ಅದರ ನಿರ್ಣಯವೇ ಈ ಗ್ರಂಥ.

ಭರದ್ವಾಜಾಧಿಕರಣ

ಲಂಕೆಯಿಂದ ಅಯೋಧ್ಯೆಗೆ ಹೊರಟ ಪುಷ್ಪಕದಲ್ಲಿ ಊಟದ ಗಾಡಿ ಓಡಾಡಿದ ಪ್ರಸ್ತಾಪ ವಾಲ್ಮೀಕಿಯಲ್ಲಿ ಕಾಣುವುದಿಲ್ಲ. ವಿಮಾನ ಕಿಷ್ಕಿಂಧೆಯಲ್ಲಿ ನಿಂತದ್ದು ನಿಜ. ಕಿಷ್ಕಿಂಧೆಯೆಂದರೆ ನಮ್ಮ ಆನೆಗೊಂದಿಯ ಸುತ್ತಮುತ್ತಲೇ ಎಂಬ ನಂಬಿಕೆಯಿರುವುದರಿಂದ, ಕರ್ನಾಟಕದ ಮೊದಲ ವಿಮಾನ ನಿಲ್ದಾಣ ಗಂಗಾವತಿ ತಾಲ್ಲೂಕಿನದು ಎಂದು ವಾದಿಸುವವರು ವಾದಿಸಲಿ. ಆದರೆ ಅಲ್ಲಿ ಹತ್ತಿಸಿಕೊಂಡದ್ದು ತಾರೆ ಮೊದಲಾದ ವಾನರಸ್ತ್ರೀಯರನ್ನೇ ಹೊರತು ಬುತ್ತಿಯನ್ನಲ್ಲ. ಊಟದ ಏರ್ಪಾಡು ಆದದ್ದು ಭರದ್ವಾಜರ ಆಶ್ರಮದಲ್ಲಿ ಇಳಿದ ಮೇಲೆ. ಅಯೋಧ್ಯೆಯ ದಾರಿಯ ಮರಗಳೆಲ್ಲ ಕಾಲವಲ್ಲದ ಕಾಲದಲ್ಲೂ ಹಣ್ಣು ಬಿಡಲಿ ಎಂದು ರಾಮ ವರ ಬೇಡಿದ, ಋಷಿ ಕೊಟ್ಟ. ವಾನರರೇ ತುಂಬಿದ್ದ ವಿಮಾನಕ್ಕೆ ಇದಕ್ಕಿಂತ ಯುಕ್ತವಾದ ಮೆನು ಇನ್ನೊಂದಿಲ್ಲ.

ಇದೇ ಭರದ್ವಾಜರ ಹೆಸರಿನಲ್ಲಿ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1974ರಲ್ಲಿ ಅದನ್ನು ಪರೀಕ್ಷಿಸಿ, ಗ್ರಂಥ 1904ಕ್ಕಿಂತ ಹಳೆಯದಲ್ಲ, ಅದರೊಳಗಿನ ವಿಮಾನ ಒಂದೂ ಹಾರತಕ್ಕದ್ದಲ್ಲ ಎಂದು ತೀರ್ಪು ಕೊಟ್ಟರು. ಹಾರುವ ಮಾತು ನಮಗೆ ಅಪ್ರಸ್ತುತ. ಪ್ರಸ್ತುತವಾದದ್ದು ಅದರ ಆಹಾರಪ್ರಕರಣ. ವಿಮಾನ ನಡೆಸುವವನಿಗೆ ಋತುವಿಗೊಂದು ಹಾಲು, ಋತುವಿಗೊಂದು ಧಾನ್ಯ, ಋತುವಿಗೊಂದು ಮಾಂಸವೆಂದು ಅಲ್ಲಿ ವಿಧಿಸಿದೆ. ಹಾರದ ವಿಮಾನಕ್ಕೂ ಊಟದ ಪಟ್ಟಿ ಸಿದ್ಧವಿತ್ತು ಎಂಬುದನ್ನು ಇಂದಿನ ಕಂಪನಿಗಳು ಗಮನಿಸಬೇಕು.

ಪೈಲಟ್ಟಿನ ಊಟಕ್ಕೆ ಬೇರೆ ವಿಧಿ ಬೇಕೆಂಬುದಕ್ಕೆ ಈಚಿನ ಪ್ರಮಾಣವೂ ಇದೆ. 1975ರ ಫೆಬ್ರುವರಿಯಲ್ಲಿ ಟೋಕಿಯೊದಿಂದ ಪ್ಯಾರಿಸ್ಸಿಗೆ ಹೊರಟ ಜಪಾನ್ ಏರ್‌ಲೈನ್ಸ್ ವಿಮಾನದಲ್ಲಿ, ಅಲಾಸ್ಕಾದಲ್ಲಿ ಹತ್ತಿಸಿದ ಆಮ್ಲೆಟ್ ತಿಂದು ಸುಮಾರು 200 ಜನ ವಾಂತಿಭೇದಿಗೆ ಬಿದ್ದರು. ಅಡಿಗೆಯವನ ಬೆರಳಿನ ಗಾಯವೇ ಕಾರಣವಾಗಿತ್ತು. ಪೈಲಟ್ಟುಗಳ ಹೊಟ್ಟೆಯ ಗಡಿಯಾರದಲ್ಲಿ ಅದು ಬೆಳಗಿನ ತಿಂಡಿಯ ಹೊತ್ತಾಗಿರಲಿಲ್ಲ. ಅವರು ಆಮ್ಲೆಟ್ ಮುಟ್ಟಲಿಲ್ಲ, ವಿಮಾನ ಕೋಪನ್‌ಹೇಗನ್ನಿನಲ್ಲಿ ಕ್ಷೇಮವಾಗಿ ಇಳಿಯಿತು. ಪೈಲಟ್ಟೂ ಸಹಪೈಲಟ್ಟೂ ಒಂದೇ ಊಟ ಮಾಡಕೂಡದೆಂಬ ಪಂಕ್ತಿಭೇದ ಅನೇಕ ಕಂಪನಿಗಳಲ್ಲಿ ಈಗಲೂ ನಡೆದಿದೆ. ಪಂಕ್ತಿಭೇದದಿಂದ ಜೀವ ಉಳಿದ ಪ್ರಸಂಗಗಳು ಲೋಕದಲ್ಲಿ ಕಡಿಮೆ.

ಷಡ್ರಸಭಂಗ

ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ನೆಲದ ಮೇಲೆ ರಸ ಆರು. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದಲ್ಲಿರುವಷ್ಟು. ಎಂದರೆ ಪ್ರಯಾಣಿಕನು ಮುಳ್ಳಯ್ಯನಗಿರಿಯ ನೆತ್ತಿಯಲ್ಲೋ ಅದಕ್ಕೂ ಮೇಲೋ ಕೂತು ಉಣ್ಣುತ್ತಿರುತ್ತಾನೆ. ಗಿರಿಯ ತಂಪುಗಾಳಿ ಮಾತ್ರ ಇಲ್ಲ. ಗಾಳಿಯಲ್ಲಿನ ತೇವ ನೂರಕ್ಕೆ 20ಕ್ಕಿಂತ ಕೆಳಗೆ. ಮೂಗು ಒಣಗುತ್ತದೆ, ಮೂಗು ಒಣಗಿದರೆ ನಾಲಗೆ ಅರ್ಧ ಕುರುಡು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯವರು ಲುಫ್ತಾನ್ಸಾ ಕಂಪನಿಗಾಗಿ ನೆಲದ ಮೇಲೆಯೇ ವಿಮಾನದ ಒಡಲೊಂದರಲ್ಲಿ ಗಾಳಿ ತೆಳುಮಾಡಿ, ಜನರನ್ನು ಕೂರಿಸಿ, ಉಣ್ಣಿಸಿ ನೋಡಿದರು. ಉಪ್ಪು, ಸಿಹಿಗಳೆರಡೂ ಮಂಕಾದವು. ಬಿಯರಿಗೆ ಸರಿಸಮನಾಗಿ ಜನ ಟೊಮೆಟೊ ರಸವನ್ನೇಕೆ ಕೇಳುತ್ತಾರೆಂಬುದು ಆ ಕಂಪನಿಯ ತಲೆನೋವಾಗಿತ್ತು. ನೆಲದಲ್ಲಿ ಮಣ್ಣುವಾಸನೆಯೆನಿಸುವ ಆ ರಸ ಮೇಲೆ ಹಣ್ಣಿನಂತೆ ತಂಪಾಗಿ ತೋರುತ್ತದಂತೆ. ಇಂಜಿನ್ನಿನ ಮೊರೆತ ಸಿಹಿಯನ್ನು ಕುಗ್ಗಿಸಿ, ಜಪಾನಿಗಳು ಉಮಾಮಿ ಎನ್ನುವ ರುಚಿಯನ್ನು ಹಿಗ್ಗಿಸುತ್ತದೆಂದು 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಸೇರಿಸಿದರು. ಕಿವಿಯಿಂದಲೂ ಊಟ ಕೆಡುತ್ತದೆಂಬುದು ಸಂಗೀತ ಕಚೇರಿಯಿರುವ ಮದುವೆಮನೆಗಳಲ್ಲಿ ಮೊದಲೇ ಗೊತ್ತಿದ್ದ ಸಂಗತಿ.

ಕಾಫಿ ಚಹಾಗಳ ಗತಿಯೂ ಇದೇ. ಅಷ್ಟು ಎತ್ತರದಲ್ಲಿ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಸೊಪ್ಪು ಸಾರ ಬಿಡುವುದಿಲ್ಲ. ಏರ್ ಇಂಡಿಯಾದ ಜೆ.ಆರ್.ಡಿ. ಟಾಟಾ ತಮ್ಮ ವಿಮಾನಗಳಲ್ಲಿ ತಾವೇ ಕೂತು ಹೋಗಿ ಬಂದು ಟಿಪ್ಪಣಿ ಬರೆಯುತ್ತಿದ್ದರು. ಚಹಾದ ಬಣ್ಣವೂ ಕಾಫಿಯ ಬಣ್ಣವೂ ಒಂದೇ ಆಗಿದೆಯೆಂಬ ದೂರು ಅವುಗಳಲ್ಲಿ ಪ್ರಸಿದ್ಧ. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ತಾವೇ ವಿಮಾನ ಹಾರಿಸಿಕೊಂಡು ಬಂದ ಅವರ ಬಳಿ ಅಂದು ಇದ್ದದ್ದು ಟಪಾಲು ಮಾತ್ರ, ಟಪಾಲು ಚಹಾ ಕೇಳುವುದಿಲ್ಲ. ಬಹುಶಃ ಆ ಸಂಸ್ಥೆಯಲ್ಲಿ ದೂರಿಲ್ಲದ ಹಾರಾಟ ಅದೊಂದೇ.

ಹೀಗೆ ಆರೂ ರಸಗಳಿಗೆ ಭಂಗ ಬಂದಮೇಲೆ ನೆನಪಿಗೆ ಆಸರೆ ಯಾವುದು? ಏಳನೆಯ ರಸ. ಅದರ ಹೆಸರು ತಕರಾರು. ಸ್ಥಾಯಿಭಾವ ಹಸಿವು. ಸಂಚಾರಿಭಾವ ಗಾಡಿ. ಮುಂದಿನ ಸೀಟಿನವನು ಬೆನ್ನು ಹಿಂದಕ್ಕೆ ಚಾಚುವುದು ಉದ್ದೀಪನ ವಿಭಾವ. ತಲೆಯ ಮೇಲಿನ ಗುಂಡಿ ಒತ್ತುವುದು ಅನುಭಾವ. ಇದಕ್ಕೆ ಬಾಧಕವಾದ ಒಂದು ದೃಷ್ಟಾಂತವನ್ನು ಪೂರ್ವಪಕ್ಷಿಗಳು ತರುತ್ತಾರೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಫಾಯ್ನ್ಸ್‌ನಿಂದ ಅಮೆರಿಕಕ್ಕೆ ಹೊರಟ ನೀರುವಿಮಾನವೊಂದು ಹವಾಮಾನ ಕೆಟ್ಟು ಹಿಂದಿರುಗಿದಾಗ, ನಡುಗುತ್ತಿದ್ದ ಪ್ರಯಾಣಿಕರಿಗೆ ಜೋ ಶೆರಿಡನ್ ಎಂಬ ಬಾಣಸಿಗ ಕಾಫಿಗೆ ವಿಸ್ಕಿ ಬೆರೆಸಿ ಕೊಟ್ಟನೆಂದೂ ಅದೇ ಲೋಕವಿಖ್ಯಾತ ಐರಿಷ್ ಕಾಫಿಯೆಂದೂ ಕತೆ. ಜಗಳವಿಲ್ಲದೆಯೂ ನೆನಪು ಉಳಿಯಿತಲ್ಲ ಎಂದರೆ, ಕೊಟ್ಟದ್ದು ನೆಲಕ್ಕಿಳಿದ ಮೇಲೆ. ಅದು ಭೂಮ್ಯನ್ನ, ಗಗನಾನ್ನವಲ್ಲ. ವಾದ ಬಿದ್ದಿತು.

ಸ್ಯಾಂಡ್‌ವಿಚ್ ವ್ಯಾಜ್ಯ

1919ರ ಅಕ್ಟೋಬರಿನಲ್ಲಿ ಲಂಡನ್–ಪ್ಯಾರಿಸ್ ಮಾರ್ಗದಲ್ಲಿ ಹ್ಯಾಂಡ್ಲಿ ಪೇಜ್ ಕಂಪನಿ 3 ಶಿಲ್ಲಿಂಗಿಗೆ ಊಟದ ಡಬ್ಬಿ ಮಾರಿತು. ವಿಮಾನದೂಟದ ಆದಿ ಇದೇ. ಅದರೊಳಗಿನ ಸ್ಯಾಂಡ್‌ವಿಚ್ಚಿನ ನೆನಪು ಯಾರಿಗಿದೆ? ಯಾರಿಗೂ ಇಲ್ಲ, ಜಗಳವಾಗಲಿಲ್ಲವಲ್ಲ. 1958ರ ಸ್ಯಾಂಡ್‌ವಿಚ್ಚನ್ನು ಮಾತ್ರ ಇತಿಹಾಸ ಮರೆತಿಲ್ಲ.

ಆ ವರ್ಷ ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಅಗ್ಗದ ದರ್ಜೆ ಬಂತು. ಅಗ್ಗದವರಿಗೆ ಅಗ್ಗದ್ದನ್ನೇ ಹಾಕಬೇಕು, ಸ್ಯಾಂಡ್‌ವಿಚ್ ಹೊರತು ಊಟವೆಂಬುದನ್ನು ಕೊಡಕೂಡದು ಎಂದು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾದಲ್ಲಿ ಒಪ್ಪಂದವಾಗಿತ್ತು. ಸ್ಯಾಂಡ್‌ವಿಚ್ ಎಂದರೇನೆಂದು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಲಕ್ಷಣ ಹೇಳದೆ ಲಕ್ಷ್ಯಕ್ಕೆ ಕೈಹಾಕಿದರೆ ಆಗುವ ಅನರ್ಥವನ್ನು ನಮ್ಮ ತಾರ್ಕಿಕರು ಸಾವಿರ ವರ್ಷದಿಂದ ಸಾರುತ್ತಿದ್ದಾರೆ, ಕೇಳುವವರಿಲ್ಲ. ಸ್ಕ್ಯಾಂಡಿನೇವಿಯಾದ ಪದ್ಧತಿಯಲ್ಲಿ ಬ್ರೆಡ್ಡು ಕೆಳಗೊಂದೇ. ಅದರ ಮೇಲೆ ಮಾಂಸ, ಮೀನು, ಗಿಣ್ಣು, ತರಕಾರಿ ಏನನ್ನಾದರೂ ಪೇರಿಸಬಹುದು. ಎಸ್‌ಎಎಸ್ ಎಂಬ ಅಲ್ಲಿನ ವಿಮಾನ ಕಂಪನಿ ಹಾಗೆಯೇ ಪೇರಿಸಿತು. ಯುರೋಪಿನ ಇನ್ನೂ ಕೆಲವರು ಪೇರಿಸಿದರು. ಕೆಳಗೆಲ್ಲೋ ಒಂದು ಹೋಳು ಬ್ರೆಡ್ಡಿದೆ, ಆದ್ದರಿಂದ ಇದು ಸ್ಯಾಂಡ್‌ವಿಚ್ಚೇ ಎಂಬುದು ಅವರ ಅನುಮಾನ ಪ್ರಮಾಣ. ಅಮೆರಿಕದ ಪ್ಯಾನ್ ಆಮ್ ದೂರು ಕೊಟ್ಟಿತು.

ಜಗತ್ತಿನಲ್ಲಿ ಶೀತಲ ಸಮರ ನಡೆಯುತ್ತಿದ್ದಾಗ ದೊಡ್ಡ ದೊಡ್ಡ ಕಂಪನಿಗಳ ಪ್ರತಿನಿಧಿಗಳು ಕೂತು ಚರ್ಚಿಸಿದ ವಿಷಯ ಇದು. ಕೊನೆಗೆ ಲಕ್ಷಣ ಹೊರಬಿತ್ತು: ಸ್ಯಾಂಡ್‌ವಿಚ್ ತಣ್ಣಗಿರತಕ್ಕದ್ದು, ಸರಳವಾಗಿರತಕ್ಕದ್ದು, ನಿರಲಂಕಾರವಾಗಿರತಕ್ಕದ್ದು, ಅಗ್ಗವಾಗಿರತಕ್ಕದ್ದು; ಅದರಲ್ಲಿ ಬ್ರೆಡ್ಡು ದಂಡಿಯಾಗಿದ್ದು ಕಣ್ಣಿಗೆ ಬೀಳತಕ್ಕದ್ದು. ಎಂದರೆ ಬ್ರೆಡ್ಡು ಪ್ರತ್ಯಕ್ಷಕ್ಕೇ ಸಿಗಬೇಕು, ಅನುಮಾನದಿಂದ ಸಿದ್ಧಿಸಿದರೆ ಸಾಲದು. ಎಸ್‌ಎಎಸ್‌ಗೆ 20,000 ಡಾಲರ್ ದಂಡ ಬಿತ್ತು. ಅತಿಥಿಗೆ ಹೆಚ್ಚು ಬಡಿಸಿದ್ದಕ್ಕೆ ದಂಡ ತೆತ್ತವರ ಕತೆ ನಮ್ಮ ಹದಿನೆಂಟು ಪುರಾಣದಲ್ಲೂ ಸಿಗಲಿಕ್ಕಿಲ್ಲ. ಪೂರ್ವಪಕ್ಷಿಗಳು ಇದನ್ನು ಕೇಳಿ, “ಮಸಾಲೆದೋಸೆಗೂ ಹೀಗೆ ಒಂದು ಲಕ್ಷಣ ಮಾಡಿಸಿ, ಪಲ್ಯ ಕಣ್ಣಿಗೆ ಬೀಳತಕ್ಕದ್ದು ಅಂತ,” ಎಂದರು. ವಿಷಯಾಂತರವಾದ್ದರಿಂದ ಬಿಟ್ಟಿದೆ.

ಕಡಿಮೆ ಬಡಿಸಿದವರಿಗೆ ದಂಡವಿಲ್ಲ, ಕೀರ್ತಿಯುಂಟು. 1987ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರಾಂಡಲ್ ಸಲಾಡಿನ ತಟ್ಟೆಯಿಂದ ತಲಾ ಒಂದು ಆಲಿವ್ ಕಾಯಿ ತೆಗೆಸಿ ವರ್ಷಕ್ಕೆ 40,000 ಡಾಲರ್ ಉಳಿಸಿದರೆಂಬುದು ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಈಗಲೂ ಪಾಠ. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ. ಹಾಸನದಲ್ಲಿ ಹೋಟೆಲ್ ನಡೆಸಿದ ಅನುಭವವಿದ್ದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದಾಗ, ಆಲಿವ್ ಕಾಯಿಯ ಗೊಡವೆಗೇ ಹೋಗದೆ ಬಿಟ್ಟಿ ಊಟವನ್ನೇ ಕೈಬಿಟ್ಟರು. ಬೇಕಾದವರು ಕೊಂಡು ತಿನ್ನಲಿ. ಹೋಟೆಲ್ ನಡೆಸಿದವರಿಗಷ್ಟೇ ತಿಳಿಯುವ ಸತ್ಯ ಅದು: ಕಾಸು ಕೊಟ್ಟು ತಿಂದವನು ತಕರಾರು ಮಾಡುತ್ತಾನೆ, ಬಿಟ್ಟಿ ತಿಂದವನು ಇನ್ನೂ ಹೆಚ್ಚು ಮಾಡುತ್ತಾನೆ. ಈಗ ವಿಮಾನದಲ್ಲಿ ಲೋಟದ ಉಪ್ಪಿಟ್ಟಿಗೆ ಬಿಸಿನೀರು ಹೊಯ್ದು, ಮುಚ್ಚಳ ಮುಚ್ಚಿ, ದುಡ್ಡು ಕೊಟ್ಟವನ ಕೈಗೇ ಕೊಡುತ್ತಾರೆ. ನೀರು ಎಷ್ಟು ಡಿಗ್ರಿಯದೆಂಬುದನ್ನು ಹಿಂದೆ ಹೇಳಿದೆ. ರವೆ ಬೆಂದದ್ದು ಎಷ್ಟೆಂಬುದನ್ನು ಓದುಗರು ಊಹಿಸಿಕೊಳ್ಳಬೇಕು.

ಹಿಂದೂ ಊಟದ ಪ್ರಕರಣ

ಟಿಕೆಟ್ ತೆಗೆಯುವಾಗ ಊಟಕ್ಕೆ ನಾಲ್ಕಕ್ಷರದ ಬೀಜಮಂತ್ರಗಳಿರುತ್ತವೆ. ಎವಿಎಂಎಲ್ ಎಂದರೆ ನಮ್ಮ ಕಡೆಯ ಸಸ್ಯಾಹಾರ. ವಿಜೆಎಂಎಲ್ ಎಂದರೆ ಈರುಳ್ಳಿ ಬೆಳ್ಳುಳ್ಳಿ ಗೆಡ್ಡೆಗಳಿಲ್ಲದ ಜೈನರ ಊಟ. ಬಿಎಲ್ಎಂಎಲ್ ಎಂದರೆ ಸಪ್ಪೆ ಊಟ. ಆರು ರಸಗಳಿಗೂ ಭಂಗ ಬಂದ ಮೇಲೂ ಸಪ್ಪೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯುವ ಮಹನೀಯರು ಯಾರೋ. ಎಚ್ಎನ್ಎಂಎಲ್ ಎಂದರೆ ಹಿಂದೂ ಊಟ. ಇಲ್ಲಿದೆ ಗಂಡಾಂತರ. ಹೆಸರು ನೋಡಿ ಮಡಿಯವರು ಇದಕ್ಕೇ ಗುರುತು ಹಾಕುತ್ತಾರೆ, ಬಿಸಿ ತಗಡಿನ ಹಾಳೆ ತೆರೆದರೆ ಒಳಗೆ ಕುರಿಯೋ ಕೋಳಿಯೋ ಇರುತ್ತದೆ. ಐಯಾಟಾ ಮತದಲ್ಲಿ ಹಿಂದೂ ಎಂದರೆ ದನದ ಮಾಂಸ ತಿನ್ನದವನು, ಕುರಿ ಕೋಳಿ ತಿನ್ನುತ್ತಾನೆ. ಧರ್ಮಶಾಸ್ತ್ರಕಾರರಿಂದ ಹಿಡಿದು ನ್ಯಾಯಾಲಯಗಳ ತನಕ ಎಲ್ಲರೂ ತಿಣುಕಿದ ಪ್ರಶ್ನೆಯನ್ನು ಅಡಿಗೆಮನೆಯಲ್ಲಿ ಒಂದು ಸಾಲಿನಲ್ಲಿ ಬಗೆಹರಿಸಿದ ಧೈರ್ಯ ಮೆಚ್ಚತಕ್ಕದ್ದು. 2018ರ ಜುಲೈಯಲ್ಲಿ ಎಮಿರೇಟ್ಸ್ ಕಂಪನಿ ಈ ಊಟ ನಿಲ್ಲಿಸುವೆನೆಂದಿತು. ಎದ್ದ ಗದ್ದಲಕ್ಕೆ ಬೆದರಿ ಕೂಡಲೇ ಮತ್ತೆ ಬಡಿಸತೊಡಗಿತು. ಗದ್ದಲ ಎಬ್ಬಿಸಿದವರಲ್ಲಿ ಎಷ್ಟು ಮಂದಿ ಅದರೊಳಗೆ ಕೋಳಿಯಿರುವುದನ್ನು ಬಲ್ಲವರಾಗಿದ್ದರೋ.

ಪರದೆಯಾಚೆಯವರ ಅಪವಾದಕ್ಕೆ ಬರೋಣ. 2014ರ ಡಿಸೆಂಬರ್ 5ರಂದು ನ್ಯೂಯಾರ್ಕಿನಲ್ಲಿ ಕೊರಿಯನ್ ಏರ್ ವಿಮಾನದ ಮೊದಲ ದರ್ಜೆಯಲ್ಲಿದ್ದ ಅದೇ ಕಂಪನಿಯ ಉಪಾಧ್ಯಕ್ಷೆಗೆ ಮಕಾಡೇಮಿಯಾ ಬೀಜವನ್ನು ತಟ್ಟೆಯಲ್ಲಿ ಹಾಕದೆ ಪೊಟ್ಟಣದಲ್ಲೇ ನೀಡಲಾಯಿತು. ರನ್‌ವೇ ಕಡೆ ಹೊರಟಿದ್ದ ವಿಮಾನ ಹಿಂದಕ್ಕೆ ತಿರುಗಿತು, ಮುಖ್ಯ ಪರಿಚಾರಕನನ್ನು ಇಳಿಸಲಾಯಿತು. 2015ರ ಫೆಬ್ರುವರಿಯಲ್ಲಿ ಆಕೆಗೆ ಒಂದು ವರ್ಷದ ಜೈಲುಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ತಗ್ಗಿ, ಅಮಾನತಾಯಿತು. ತಕರಾರು ರಸ ಪರಾಕಾಷ್ಠೆ ಮುಟ್ಟಿದ್ದು ಹೀಗೆ, ಕಟ್ಟಕಡೆಯ ಸಾಲಿನಲ್ಲಲ್ಲ, ಎಲ್ಲಕ್ಕಿಂತ ಮುಂದಿನ ಸಾಲಿನಲ್ಲಿ. ನಾವು ಹಾಕಿಕೊಂಡ ಅಧಿಕಾರಿ ಲಕ್ಷಣಕ್ಕೆ ಇದು ಅವ್ಯಾಪ್ತಿ ದೋಷ ತರುತ್ತದೆಂದು ಪೂರ್ವಪಕ್ಷಿಗಳು ಕುಣಿದರು. ಉತ್ತರ: ವಿಮಾನ ಇನ್ನೂ ನೆಲದ ಮೇಲಿತ್ತು. ಮುಂದಿನ ಅಧಿಕರಣ.

ಮೊಸರನ್ನಾಧಿಕರಣ

ಮನೆಯಿಂದ ಒಯ್ದ ಅನ್ನ ಗಗನಾನ್ನವಾಗುತ್ತದೆಯೇ ಎಂಬುದು ಸಂಶಯ. ಆಗುತ್ತದೆ, ಏಕೆಂದರೆ ಅದರಲ್ಲೂ ತಕರಾರು ಉಂಟು. 2006ರಲ್ಲಿ ದ್ರವಸ್ಫೋಟಕದಿಂದ ವಿಮಾನಗಳನ್ನು ಉರುಳಿಸುವ ಲಂಡನ್ನಿನ ಸಂಚು ಬಯಲಾದ ಮೇಲೆ, ದೇಶ ದಾಟುವ ಪ್ರಯಾಣಿಕನ ಕೈಚೀಲದ ಒಂದು ಡಬ್ಬಿಯಲ್ಲಿ 100 ಮಿಲಿಲೀಟರ್ ಮೀರಿದ ದ್ರವ ಇರಕೂಡದೆಂಬ ಕಟ್ಟಳೆ ಲೋಕದಲ್ಲೆಲ್ಲ ಹಬ್ಬಿತು. ಚಟ್ನಿಪುಡಿ ಘನ. ಮಾವಿನ ಮಿಡಿ ಘನ, ಅದರ ರಸ ದ್ರವ. ಹಾಗಾದರೆ ಮೊಸರನ್ನ?

ದ್ರವವೆಂದು ಒಂದು ಪಕ್ಷ: ಓರೆ ಮಾಡಿದರೆ ಜಾರುತ್ತದೆ. ಘನವೆಂದು ಇನ್ನೊಂದು ಪಕ್ಷ: ಚಮಚೆ ನಿಲ್ಲಿಸಿದರೆ ನಿಲ್ಲುತ್ತದೆ. ಇದರ ಮೇಲೆ ಪ್ರಯಾಣದ ಮೊಸರನ್ನವನ್ನು ನಮ್ಮ ಹೆಂಗಸರು ಮೊಸರಿನಲ್ಲಿ ಕಲಸುವುದೇ ಇಲ್ಲ. ಹುಳಿ ಏರದಿರಲೆಂದು ಹಾಲಿನಲ್ಲಿ ಕಲಸಿ, ಒಂದು ಚಮಚೆ ಮೊಸರನ್ನು ಹೆಪ್ಪಿಗೆ ಬಿಡುತ್ತಾರೆ. ಮನೆ ಬಿಡುವಾಗ ಅದು ಹಾಲನ್ನ, ತಪಾಸಣೆಯ ಸಾಲಿನಲ್ಲಿ ಎರಡೂ ಅಲ್ಲ, ವಿಮಾನ ಏರುವ ಹೊತ್ತಿಗೆ ಗಟ್ಟಿ ಮೊಸರನ್ನ. ಯಾವ ಕ್ಷಣದ ಪದಾರ್ಥಕ್ಕೆ ಕಟ್ಟಳೆ ಅನ್ವಯವೆಂಬುದನ್ನು ಪೂರ್ವಪಕ್ಷಿಗಳು ಕೆಂಪೇಗೌಡ ನಿಲ್ದಾಣದ ತಪಾಸಣಾ ಅಧಿಕಾರಿಯ ಮುಂದೆ ಸವಿಸ್ತಾರವಾಗಿ ಮಂಡಿಸತೊಡಗಿದ್ದರಂತೆ. ಕಾಲವೊಂದು, ಅವಸ್ಥೆ ಮೂರು ಎಂಬಲ್ಲಿಗೆ ಬಂದಾಗ ಸಾಕ್ಷ್ಯಕ್ಕಾಗಿ ಡಬ್ಬಿ ತೆರೆಯಬೇಕಾಯಿತು.

ಡಬ್ಬಿ ಖಾಲಿಯಿತ್ತು. “ನೀವು ಮಾತಾಡ್ತಾ ಇದ್ರಲ್ಲ, ಹಸಿವಾಯ್ತು ಕಣ್ರೀ,” ಎಂದರು ಅವರ ಹೆಂಡತಿ.